ರೈತನಿಗೆ ಕಾಣುವ ದಾಖಲೆ: ವಿಜಯನಗರ ಜಿಲ್ಲೆಯ ಐದು ತಾಲೂಕುಗಳಲ್ಲಿ ಭೂದಾಖಲೆಯ ಬಳಕೆಮುಖ

೧

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ಎಂಬ ಐದು ತಾಲೂಕುಗಳು ಇಂದು ವಿಜಯನಗರ ಜಿಲ್ಲೆಗೆ ಸೇರಿವೆ. ಈ ನಾಡಿನ ರಾಜವಂಶಗಳನ್ನೂ ದೇವಾಲಯಗಳನ್ನೂ ಶಾಸನಗಳನ್ನೂ ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಪ್ರಕೃತ ಪ್ರಬಂಧದಲ್ಲಿ ನಾವು ವಿವೇಚಿಸಹೊರಟಿರುವ ವಿಷಯ ಬೇರೆ. ಒಂದು ತುಂಡು ಹೊಲ ಯಾರದೆಂಬುದನ್ನು ಹೇಳುವ ದಾಖಲೆಯು ಈ ಸೀಮೆಯಲ್ಲಿ ಕಾಲಕಾಲಕ್ಕೆ ಯಾವ ಯಾವ ರೂಪವನ್ನು ತಾಳಿತು, ಆ ರೂಪವು ಹೊಲದ ಒಡೆಯನಿಗೆ ಎಷ್ಟರಮಟ್ಟಿಗೆ ಕಾಣುತ್ತಿದ್ದಿತು, ಎಷ್ಟರಮಟ್ಟಿಗೆ ತಿಳಿಯುತ್ತಿದ್ದಿತು ಎಂಬುದೇ ಇಲ್ಲಿನ ಪ್ರಶ್ನೆ.

ಈ ಪ್ರಶ್ನೆಯನ್ನು ಕೇಳುವುದಕ್ಕೆ ನಮಗೆ ಪ್ರೇರಣೆಯನ್ನೊದಗಿಸಿದುದು ಗಣಕಯಂತ್ರಶಾಸ್ತ್ರದ ಒಂದು ಶಾಖೆ. ಯಂತ್ರಕ್ಕೂ ಅದನ್ನು ಬಳಸುವ ಮನುಷ್ಯನಿಗೂ ನಡುವೆ ಇರುವ ತೆರೆ, ಗುಂಡಿ, ಚಿಹ್ನೆ, ನಮೂನೆ ಇವುಗಳನ್ನು ಒಟ್ಟಾಗಿ ಯೂಸರ್ ಇಂಟರ್‌ಫೇಸ್ ಎಂದೂ, ಅವುಗಳ ಮೂಲಕ ಕೆಲಸಮಾಡುವಾಗ ಮನುಷ್ಯನಿಗೆ ಆಗುವ ಒಟ್ಟು ಅನುಭವವನ್ನು ಯೂಸರ್ ಎಕ್ಸ್‌ಪೀರಿಯನ್ಸ್ ಎಂದೂ ಆ ಶಾಸ್ತ್ರದವರು ಕರೆಯುತ್ತಾರೆ. ಸೌಕರ್ಯಕ್ಕಾಗಿ ಮೊದಲನೆಯದನ್ನು ನಾವು ‘ಬಳಕೆಮುಖ’ವೆಂದೂ ಎರಡನೆಯದನ್ನು ‘ಬಳಕೆಯ ಅನುಭವ’ವೆಂದೂ ಕರೆಯೋಣ. ಡೊನಾಲ್ಡ್ ನಾರ್ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ೧೯೮೮ರಲ್ಲಿ ದಿನಬಳಕೆಯ ವಸ್ತುಗಳ ಮನೋವಿಜ್ಞಾನವನ್ನು ಕುರಿತು ಒಂದು ಗ್ರಂಥವನ್ನು ಬರೆದು, ಬಾಗಿಲನ್ನು ತೆರೆಯಲಾಗದವನು ದಡ್ಡನಲ್ಲ, ಬಾಗಿಲಿನ ರೂಪದಲ್ಲಿಯೇ ದೋಷವಿರಬಹುದು ಎಂಬ ಮಾತನ್ನು ಪ್ರತಿಪಾದಿಸಿದರು. ಯಾಕೋಬ್ ನೀಲ್ಸನ್ ಮತ್ತು ರೋಲ್ಫ್ ಮೋಲಿಕ್ ಎಂಬಿಬ್ಬರು ೧೯೯೦ರಲ್ಲಿ ಬಳಕೆಮುಖಗಳ ಗುಣದೋಷವನ್ನು ಅಳೆಯುವ ಕೆಲವು ಸೂತ್ರಗಳನ್ನು ಮಂಡಿಸಿದರು. ೧೯೯೪ರಲ್ಲಿ ನೀಲ್ಸನ್ ಅವನ್ನು ಪರಿಷ್ಕರಿಸಿ ಹತ್ತು ಸೂತ್ರಗಳನ್ನಾಗಿ ಮಾಡಿದರು. ಒಳಗೆ ಏನು ನಡೆಯುತ್ತಿದೆಯೆಂಬುದು ಬಳಸುವವನಿಗೆ ಕಾಣುತ್ತಿರಬೇಕು. ಬಳಸುವ ಮಾತು ಅವನ ಲೋಕದ ಮಾತಾಗಿರಬೇಕು. ಅವನು ನೆನಪಿನಿಂದ ಹೆಕ್ಕಿ ತೆಗೆಯಬೇಕಾದುದಕ್ಕಿಂತ ಕಂಡು ಗುರುತಿಸಬಹುದಾದುದು ಹೆಚ್ಚಾಗಿರಬೇಕು. ತಪ್ಪು ಆಗದಂತೆ ಮೊದಲೇ ತಡೆಯಿರಬೇಕು. ಆದ ತಪ್ಪನ್ನು ತಿದ್ದಿಕೊಳ್ಳಲು ದಾರಿಯಿರಬೇಕು ಎಂಬಿವು ಅವುಗಳಲ್ಲಿ ಮುಖ್ಯವಾದುವು.

ಇವು ಕೇವಲ ಯಂತ್ರಕ್ಕೆ ಸಂಬಂಧಿಸಿದ ಸೂತ್ರಗಳಲ್ಲವೆಂಬುದು ಸ್ವಲ್ಪ ಯೋಚಿಸಿದರೆ ಸ್ಪಷ್ಟವಾಗುತ್ತದೆ. ೧೯೫೮ರಲ್ಲಿ ಭಾರತ ಸರ್ಕಾರದ ಆಹ್ವಾನದ ಮೇಲೆ ಈ ದೇಶವನ್ನು ಸುತ್ತಿದ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ದಂಪತಿಗಳು ತಮ್ಮ ವರದಿಯಲ್ಲಿ, ತಾವು ಕಂಡ ವಸ್ತುಗಳಲ್ಲೆಲ್ಲ ಅತ್ಯಂತ ಮೆಚ್ಚಿಕೆಯಾದುದು ನಮ್ಮ ಮನೆಗಳ ತಂಬಿಗೆ ಎಂದು ಬರೆದರು. ಅದರ ತೂಕ, ಕೈಗೆ ಸಿಗುವ ಕೊರಳು, ನೀರು ಸುರಿಯುವ ರೀತಿ, ಸೊಂಟದ ಮೇಲೆ ಅಥವಾ ತಲೆಯ ಮೇಲೆ ಹೊರುವ ಅನುಕೂಲ ಇವೆಲ್ಲವೂ ಎಷ್ಟೋ ತಲೆಮಾರುಗಳ ಬಳಕೆಯಿಂದ ತಿದ್ದಿಬಂದುವೆಂಬುದು ಅವರ ಅಭಿಪ್ರಾಯ. ತಂಬಿಗೆಗೆ ಸಲ್ಲುವ ಪರೀಕ್ಷೆ ದಾಖಲೆಗೂ ಸಲ್ಲಬೇಕಷ್ಟೆ. ಅದು ಯಾರ ಕೈಗೆ ಹೊಂದುವಂತೆ ಮಾಡಲ್ಪಟ್ಟಿತು? ಬರೆಯುವವನ ಕೈಗೋ, ತೆರಿಗೆ ಎತ್ತುವವನ ಕೈಗೋ, ಉಳುವವನ ಕೈಗೋ? ಈ ಒಂದು ಪ್ರಶ್ನೆಯನ್ನು ಕೈದೀಪವಾಗಿ ಹಿಡಿದು ನಾವು ಮುಂದುವರಿಯೋಣ.

೨

ಈ ಸೀಮೆಯಲ್ಲಿ ನಮಗೆ ದೊರೆಯುವ ಅತ್ಯಂತ ಹಳೆಯ ಭೂದಾಖಲೆಗಳು ಕಲ್ಲಿನ ಮೇಲಿನವು. ಹರಪನಹಳ್ಳಿ ತಾಲೂಕಿನ ಬಾಗಳಿ, ಹಡಗಲಿ ತಾಲೂಕಿನ ಕುರುವತ್ತಿ, ಕೊಟ್ಟೂರಿಗೆ ಸಮೀಪದ ಅಂಬಳಿ ಮುಂತಾದ ಊರುಗಳಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ದೇಗುಲಗಳೂ ಶಾಸನಗಳೂ ಇವೆ. ಕೋಗಳಿ ಐನೂರು ಎಂಬ ಹೆಸರಿನ ನಾಡು ಈ ಭಾಗದಲ್ಲಿಯೇ ಇದ್ದಿತು. ಮದರಾಸು ಪ್ರಾಂತದ ಕನ್ನಡ ಶಾಸನಗಳಿಗೆ ಮೀಸಲಾದ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯ ಸಂಪುಟವನ್ನು ತಿರುವಿ ಹಾಕಿದವರಿಗೆ ಇಲ್ಲಿನ ದಾನಶಾಸನಗಳ ಪರಿಚಯವಿದ್ದೇ ಇರುತ್ತದೆ.

ದಾನಶಾಸನದ ರೂಪವನ್ನು ನಾವು ಸಾಮಾನ್ಯವಾಗಿ ಭಾಷೆಯ ದೃಷ್ಟಿಯಿಂದಲೋ ರಾಜವಂಶದ ದೃಷ್ಟಿಯಿಂದಲೋ ನೋಡುತ್ತೇವೆ. ಬಳಕೆಯ ದೃಷ್ಟಿಯಿಂದ ನೋಡಿದರೆ ಬೇರೊಂದು ವಿಷಯ ಗೋಚರಿಸುತ್ತದೆ. ಅಂದಿನ ಹಳ್ಳಿಯಲ್ಲಿ ಓದುಬಲ್ಲವರು ಅಲ್ಪಸಂಖ್ಯಾತರೆಂಬುದರಲ್ಲಿ ಸಂದೇಹವಿಲ್ಲ. ಆದುದರಿಂದಲೇ ಶಾಸನದ ನೆತ್ತಿಯ ಮೇಲೆ ಸೂರ್ಯಚಂದ್ರರು, ಲಿಂಗ, ಪೂಜಾರಿ, ಕರುವಿಗೆ ಹಾಲೂಡುವ ಹಸು ಮುಂತಾದ ಚಿತ್ರಗಳನ್ನು ಕಂಡರಿಸುತ್ತಿದ್ದರು. ಅಕ್ಷರ ತಿಳಿಯದ ದನಗಾಹಿಯೂ ಆ ಚಿತ್ರಗಳನ್ನು ಕಂಡು, ಇದು ದೇವರಿಗೆ ಬಿಟ್ಟ ನೆಲ, ಸೂರ್ಯಚಂದ್ರರಿರುವವರೆಗೆ ಇದು ಹೀಗೆಯೇ ಇರತಕ್ಕದ್ದು ಎಂದು ತಿಳಿಯಬಹುದಾಗಿತ್ತು. ದಾನಭೂಮಿಯ ಎಲ್ಲೆಯಲ್ಲಿ ಲಿಂಗಮುದ್ರೆಯ ಕಲ್ಲನ್ನೋ, ಜೈನ ಬಸದಿಯ ಭೂಮಿಯಾದರೆ ಮುಕ್ಕೊಡೆಯ ಕಲ್ಲನ್ನೋ ನಿಲ್ಲಿಸುತ್ತಿದ್ದುದು ಇದೇ ಕಾರಣಕ್ಕೆ. ಗಣಕಯಂತ್ರದ ತೆರೆಯ ಮೇಲಿನ ಸಣ್ಣ ಚಿತ್ರಗಳು ಮಾಡುವ ಕೆಲಸವೂ ಇದಕ್ಕಿಂತ ಬೇರೆಯಲ್ಲ.

ಎಲ್ಲೆಗಳನ್ನು ಹೇಳುವ ಕ್ರಮವೂ ಗಮನಾರ್ಹವಾದುದು. ಮೂಡಲಿಗೆ ಹಳ್ಳ, ತೆಂಕಲಿಗೆ ಹೆದ್ದಾರಿ, ಪಡುವಲಿಗೆ ನಟ್ಟ ಕಲ್ಲು, ಬಡಗಲಿಗೆ ಇಂಥವನ ಹೊಲ ಎಂಬಂತೆ ದಿಕ್ಕು ಹಿಡಿದು ಹೇಳುವುದು ವಾಡಿಕೆ. ಹೊಲದಲ್ಲಿ ನಿಂತವನು ಸುತ್ತ ತಿರುಗಿ ನೋಡಿದರೆ ದಾಖಲೆಯ ಮಾತೂ ಕಣ್ಣಿನ ನೋಟವೂ ತಾಳೆಯಾಗುತ್ತಿದ್ದವು. ಅಳತೆಗೆ ಮತ್ತರು, ಕಮ್ಮ ಎಂಬ ಮಾನಗಳಿದ್ದವು. ಅಳೆಯುವ ಗಳೆಯ ಉದ್ದವನ್ನು ದೇಗುಲದ ಕಲ್ಲಿನ ಮೇಲೆ ಕೊರೆದಿಡುವ ಪದ್ಧತಿಯೂ ಕನ್ನಡನಾಡಿನಲ್ಲಿದ್ದಿತು. ಕಡೆಯಲ್ಲಿ ಬರುವ ಶಾಪವಾಕ್ಯವು ದಾಖಲೆಯನ್ನು ಕೆಡಿಸುವವರಿಗೆ ಹಾಕಿದ ಬೇಲಿ. ಈ ದಾಖಲೆ ಎಲ್ಲರ ಕಣ್ಣಿಗೂ ಬೀಳುವಂತೆ ಬಯಲಿನಲ್ಲಿ ನಿಂತಿದ್ದಿತು. ಯಾರೂ ಅದನ್ನು ಮನೆಗೆ ಒಯ್ಯುವಂತಿರಲಿಲ್ಲ.

ಹಾಗೆಂದ ಮಾತ್ರಕ್ಕೆ ಆ ಕಾಲವನ್ನು ಹಾಡಿಹೊಗಳಬೇಕಾಗಿಲ್ಲ. ಕಲ್ಲಿನ ಮೇಲೆ ಬಂದುದು ಅರಸರು, ಅಧಿಕಾರಿಗಳು, ಮಹಾಜನರು, ಸೆಟ್ಟಿಗುತ್ತರು ಬಿಟ್ಟ ದತ್ತಿಗಳೇ ಹೊರತು ಸಾಮಾನ್ಯ ಒಕ್ಕಲಿನ ಹೊಲವಲ್ಲ. ಆ ನೆಲವನ್ನು ಉತ್ತವರ ಹೆಸರು ಬಹುಮಟ್ಟಿಗೆ ಅಲ್ಲಿ ಕಾಣಸಿಗದು. ದಾಖಲೆ ಎಲ್ಲರಿಗೂ ಕಾಣುತ್ತಿದ್ದಿತು. ಎಲ್ಲರೂ ದಾಖಲೆಯಲ್ಲಿ ಕಾಣುತ್ತಿರಲಿಲ್ಲ. ಈ ಎರಡು ಮಾತುಗಳ ಅಂತರವನ್ನು ವಾಚಕರು ಮುಂದಕ್ಕೂ ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

೩

ಕಲ್ಲಿನಿಂದ ನಾವು ಬಟ್ಟೆಗೆ ಬರೋಣ. ನಿತ್ಯದ ಕಂದಾಯದ ಲೆಕ್ಕವನ್ನು ಕಲ್ಲಿನ ಮೇಲೆ ಬರೆಯುವುದು ಅಸಾಧ್ಯವಷ್ಟೆ. ಕನ್ನಡನಾಡಿನಲ್ಲಿ ಲೆಕ್ಕಪತ್ರಗಳಿಗೆ ಕಡತವೆಂಬ ಸಾಧನ ಬಳಕೆಯಲ್ಲಿದ್ದಿತು. ಉದ್ದವಾದ ಹತ್ತಿಬಟ್ಟೆಗೆ ಸರಿಯನ್ನೂ ಇದ್ದಿಲಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಮೈಸೂರಿನ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸ್ ೧೮೧೦ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನು ವಿವರವಾಗಿ ವರ್ಣಿಸಿದ್ದಾನೆ. ಶೃಂಗೇರಿ ಮಠದ ಕಡತಗಳು ಇತಿಹಾಸದ ವಿದ್ಯಾರ್ಥಿಗಳಿಗೆ ಸುಪರಿಚಿತವಾಗಿವೆ. ಸರ್ಕಾರಿ ಕಚೇರಿಗಳಲ್ಲಿ ಫೈಲು ಎಂಬುದಕ್ಕೆ ನಾವು ಇಂದಿಗೂ ಕಡತವೆಂದೇ ಹೇಳುತ್ತೇವೆ. ವಸ್ತು ಮರೆಯಾದರೂ ಮಾತು ಉಳಿದುಕೊಂಡಿತು.

ಬರೆಯುವವನ ದೃಷ್ಟಿಯಿಂದ ಕಡತ ಬಹಳ ಅನುಕೂಲವಾದ ಸಾಧನ. ಹಗುರವಾದುದು, ಬೇಕಾದ ಮಡಿಕೆಯನ್ನು ಬಿಚ್ಚಿ ನೋಡಬಹುದು, ತಪ್ಪಿದರೆ ಅಳಿಸಿ ಮತ್ತೆ ಬರೆಯಬಹುದು. ಆದರೆ ಅಳಿಸಿ ಬರೆಯುವ ಸೌಲಭ್ಯ ಬರೆಯುವವನಿಗೆ ಮಾತ್ರ ಇರುವಾಗ ಅದು ಇತರರಿಗೆ ಅಪಾಯವೂ ಆಗಬಹುದು. ಕಡತ ಕರಣಿಕನ ಮನೆಯಲ್ಲಿರುತ್ತಿದ್ದಿತು. ಕರಣಿಕನ ಉದ್ಯೋಗ ವಂಶಪಾರಂಪರ್ಯವಾದುದರಿಂದ ಲೆಕ್ಕವೂ ಅದನ್ನು ಓದುವ ವಿದ್ಯೆಯೂ ಒಂದೇ ಮನೆಯಲ್ಲಿ ತಂದೆಯಿಂದ ಮಗನಿಗೆ ಇಳಿದು ಬರುತ್ತಿದ್ದವು. ಬರೆಹದ ಒಕ್ಕಣೆ, ಸಂಕ್ಷೇಪಗಳು, ಭಿನ್ನರಾಶಿಯ ಗುರುತುಗಳು ಇವೆಲ್ಲವೂ ಅದೇ ವೃತ್ತಿಯವರಿಗೆ ಮಾತ್ರ ಸುಲಭವಾಗಿ ತಿಳಿಯತಕ್ಕವು.

ಹೀಗಿದ್ದರೂ ಒಂದು ಮಾತನ್ನು ಹೇಳಬೇಕು. ಕರಣಿಕನು ಊರಿನಲ್ಲಿಯೇ ಇರುತ್ತಿದ್ದನು. ರೈತನು ಅವನ ಜಗಲಿಯ ಮೇಲೆ ಕುಳಿತು, ‘ನಮ್ಮ ಹಳ್ಳದ ಹೊಲದ್ದು ಏನೈತಿ ನೋಡ್ರಿ ಯಪ್ಪಾ’ ಎಂದು ಕೇಳಬಹುದಾಗಿತ್ತು. ಎರೆಹೊಲ, ಮಸಾರಿ ಹೊಲ, ಬೇವಿನಮರದ ಹೊಲ ಎಂಬ ರೈತನ ಮಾತು ಕರಣಿಕನಿಗೆ ಅರ್ಥವಾಗುತ್ತಿದ್ದಿತು. ಒಂದು ದಿನಕ್ಕೆ ಒಂದು ಕೂರಿಗೆಯಿಂದ ಬಿತ್ತಬಹುದಾದಷ್ಟು ನೆಲವೆಂಬ ಲೆಕ್ಕ ಇಬ್ಬರಿಗೂ ತಿಳಿದಿದ್ದಿತು. ಅಂದರೆ ಇಲ್ಲಿ ದಾಖಲೆಯ ಬಳಕೆಮುಖ ಬಟ್ಟೆಯಲ್ಲ, ಕರಣಿಕನೆಂಬ ಮನುಷ್ಯನೇ. ಅವನು ಒಳ್ಳೆಯವನಾದರೆ ದಾಖಲೆ ಮಾತನಾಡುತ್ತಿದ್ದಿತು, ಅಲ್ಲವಾದರೆ ಮೂಕವಾಗುತ್ತಿದ್ದಿತು. ರೈತನ ಭಾಗ್ಯ ಒಬ್ಬನ ಸ್ವಭಾವದ ಮೇಲೆ ನಿಂತಿದ್ದುದೇ ಈ ವ್ಯವಸ್ಥೆಯ ಮುಖ್ಯ ದೋಷ.

೪

೧೮೦೦ರಲ್ಲಿ ಹೈದರಾಬಾದಿನ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟನು. ದತ್ತ ಮಂಡಲವೆಂದು ಪ್ರಸಿದ್ಧವಾದ ಈ ಪ್ರದೇಶಕ್ಕೆ ೧೮೦೦ರಿಂದ ೧೮೦೭ರವರೆಗೆ ಥಾಮಸ್ ಮನ್ರೋ ಮುಖ್ಯ ಕಲೆಕ್ಟರಾಗಿದ್ದನು. ಹರಪನಹಳ್ಳಿಯೇ ಮೊದಲಾದ ಪಾಳೆಯಪಟ್ಟುಗಳ ಅಧಿಕಾರ ಕೊನೆಗೊಂಡು, ಸರ್ಕಾರವು ರೈತನೊಡನೆ ನೇರವಾಗಿ ವ್ಯವಹರಿಸುವ ರೈತವಾರಿ ಪದ್ಧತಿಯ ತಳಹದಿ ಬಿದ್ದುದು ಈ ಕಾಲದಲ್ಲಿ. ನೇರವಾಗಿ ವ್ಯವಹರಿಸಬೇಕಾದರೆ ಪ್ರತಿಯೊಂದು ಹೊಲವೂ ಲೆಕ್ಕಕ್ಕೆ ಸಿಗಬೇಕು. ಆದುದರಿಂದ ೧೮೦೨ರಿಂದ ಮನ್ರೋ ಹೊಲ ಹೊಲವನ್ನೂ ಅಳೆಯಿಸತೊಡಗಿದನು. ಅದಕ್ಕೆ ಬಳಸಿದುದು ೩೩ ಅಡಿಯ ಸರಪಳಿ. ಈ ಸರಪಳಿಯ ಒಂದು ಚದರವೇ ಗುಂಟೆ. ೪೦ ಗುಂಟೆಗೆ ಒಂದು ಎಕರೆ. ಇಂದಿಗೂ ಈ ಭಾಗದ ರೈತರ ಬಾಯಲ್ಲಿ ಎಕರೆ ಗುಂಟೆಗಳ ಲೆಕ್ಕವೇ ನಡೆಯುತ್ತಿದೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ೧೮೫೮ರಲ್ಲಿ ಮದರಾಸು ಪ್ರಾಂತದ ಸರ್ವೆ ಇಲಾಖೆ ಏರ್ಪಟ್ಟ ಮೇಲೆ, ಅಳತೆಯೂ ನಕ್ಷೆಯೂ ಇನ್ನಷ್ಟು ನಿಷ್ಕೃಷ್ಟವಾದವು. ಪ್ರತಿ ಹೊಲಕ್ಕೂ ಸರ್ವೆ ನಂಬರು ಬಂದಿತು. ಗ್ರಾಮದ ಲೆಕ್ಕಗಳೂ ನಂಬರಿನ ಕ್ರಮದಲ್ಲಿ ಅಚ್ಚಿನ ನಮೂನೆಗಳಾದವು. ಎರಡನೆಯ ನಂಬರಿನ ಲೆಕ್ಕ ಅಡಂಗಲ್; ಯಾವ ಹೊಲದಲ್ಲಿ ಯಾವ ಬೆಳೆಯೆಂಬುದನ್ನು ತಿಳಿಸತಕ್ಕದ್ದು. ಹತ್ತನೆಯದು ಚಿಟ್ಟಾ, ಒಬ್ಬೊಬ್ಬ ರೈತನ ಹಿಡುವಳಿಯ ಲೆಕ್ಕ. ರೈತನ ಕೈಗೆ ಬರುತ್ತಿದ್ದುದು ಪಟ್ಟಾ.

ಆಡಳಿತದ ದೃಷ್ಟಿಯಿಂದ ಇದು ದೊಡ್ಡ ಮುನ್ನಡೆಯೆಂಬುದು ನಿರ್ವಿವಾದ. ಹೊಲವು ಕರಣಿಕನ ನೆನಪಿನಿಂದ ಬಿಡಿಸಿಕೊಂಡು ನಂಬರಿನಲ್ಲಿ ನೆಲೆಸಿತು. ಜಿಲ್ಲಾಕಚೇರಿಯಲ್ಲಿ ಕುಳಿತ ಅಧಿಕಾರಿಯು ತಾನು ಎಂದೂ ಕಾಣದ ಹೊಲವನ್ನು ಕಾಗದದ ಮೇಲೆ ಕಾಣುವಂತಾಯಿತು. ಆದರೆ ಇದೇ ಬದಲಾವಣೆಯನ್ನು ರೈತನ ಕಡೆಯಿಂದ ನೋಡಿದರೆ, ಅವನು ಕಂಡು ಗುರುತಿಸಬಹುದಾಗಿದ್ದ ಹಳ್ಳ, ಮರ, ಬದುಗಳ ಸ್ಥಾನದಲ್ಲಿ ನೆನಪಿಡಬೇಕಾದ ಅಂಕೆಯೊಂದು ಬಂದಿತು. ಕರಣಿಕನ ಪ್ರಾಮುಖ್ಯ ತಗ್ಗುವುದಕ್ಕೆ ಬದಲಾಗಿ ಒಂದು ರೀತಿಯಲ್ಲಿ ಹೆಚ್ಚಿತು. ಬೇವಿನಮರದ ಹೊಲ ಯಾವ ನಂಬರೆಂಬುದನ್ನು ಹೇಳಬಲ್ಲವನು ಊರಿನಲ್ಲಿ ಅವನೇ ತಾನೆ! ಯಾವ ರೂಪವೂ ಎಲ್ಲರಿಗೂ ಏಕಕಾಲದಲ್ಲಿ ಸುಲಭವಾಗುವುದಿಲ್ಲ. ಒಬ್ಬನ ಸೌಕರ್ಯಕ್ಕೆ ಇನ್ನೊಬ್ಬನು ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಇಲ್ಲಿ ಎರಡು ಶಬ್ದಗಳ ವಿಚಾರವನ್ನು ಪ್ರಸ್ತಾಪಿಸುವುದು ಅಪ್ರಸ್ತುತವಾಗಲಾರದು. ಅಡಂಗಲ್ ಎಂಬುದು ತಮಿಳಿನಿಂದ ಬಂದ ಶಬ್ದ. ಎಲ್ಲವನ್ನೂ ಒಳಗೊಂಡದ್ದು ಎಂದು ಅದರ ಅರ್ಥ. ಕನ್ನಡದ ‘ಅಡಗು’ ಎಂಬ ಧಾತು ಅದರ ಜ್ಞಾತಿ. ಮುಂದೆ ಈ ಲೆಕ್ಕದ ಸ್ಥಾನಕ್ಕೆ ಬಂದ ‘ಪಹಣಿ’ ಎಂಬುದು ಮರಾಠಿಯ ‘ಪಾಹಣೀ’; ಪಾಹಣೆ ಎಂದರೆ ನೋಡುವುದು. ಅಧಿಕಾರಿಯು ಹೊಲಕ್ಕೆ ಹೋಗಿ ಬೆಳೆಯನ್ನು ಕಣ್ಣಾರೆ ನೋಡಿ ಬರೆದುದರಿಂದ ಆ ಹೆಸರು ಬಂದಿತು. ಶಬ್ದದ ಮೂಲದಿಂದ ಇತಿಹಾಸವನ್ನು ಸಾಧಿಸಲು ಹೊರಡುವುದು ನಮ್ಮ ಉದ್ದೇಶವಲ್ಲ. ಆದರೆ ನೋಡುವುದು ಎಂಬ ಹೆಸರಿನ ದಾಖಲೆಯನ್ನು ರೈತನು ಸ್ವತಃ ನೋಡುವಂತಾದುದು ಯಾವಾಗ ಎಂಬ ಪ್ರಶ್ನೆ ಇದರಿಂದ ಸಹಜವಾಗಿಯೇ ಏಳುತ್ತದೆ.

೫

೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿ ಜಿಲ್ಲೆಯ ಕನ್ನಡ ತಾಲೂಕುಗಳು ಮೈಸೂರು ಸಂಸ್ಥಾನಕ್ಕೆ ಸೇರಿದವು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ೧೯೫೬ರ ಏಕೀಕರಣದ ಅನಂತರ ರಾಜ್ಯದಲ್ಲಿ ಮದರಾಸು, ಮುಂಬಯಿ, ಹೈದರಾಬಾದು, ಕೊಡಗು, ಹಳೆಯ ಮೈಸೂರು ಎಂದು ಐದು ಬಗೆಯ ಕಂದಾಯ ಪದ್ಧತಿಗಳು ಒಟ್ಟಿಗೆ ನಿಂತವು. ಇವೆಲ್ಲವನ್ನೂ ಒಂದು ಮಾಡಿದುದು ೧೯೬೪ರ ಭೂಕಂದಾಯ ಕಾಯಿದೆ. ಅದಕ್ಕೆ ಮುಂಚೆಯೇ, ೧೯೬೧ರ ಗ್ರಾಮೋದ್ಯೋಗಗಳ ರದ್ದಿಯಾತಿ ಕಾಯಿದೆ ೧೯೬೩ರ ಫೆಬ್ರವರಿಯಿಂದ ಜಾರಿಗೆ ಬಂದು, ವಂಶಪಾರಂಪರ್ಯದ ಕರಣಿಕ ಶಾನುಭೋಗರ ಸ್ಥಾನದಲ್ಲಿ ಸಂಬಳದ ಗ್ರಾಮಲೆಕ್ಕಿಗರು ಬಂದಿದ್ದರು.

ಹೊಸ ಕಾಯಿದೆಯ ಕೆಳಗೆ ಬಂದ ಹಕ್ಕು, ಗೇಣಿ ಮತ್ತು ಪಹಣಿ ಪತ್ರಿಕೆ, ಅಂದರೆ ೧೬ನೆಯ ನಮೂನೆಯು, ಒಂದು ಪುಟದಲ್ಲಿ ಹೊಲದ ಸಮಸ್ತ ವೃತ್ತಾಂತವನ್ನೂ ತುಂಬಲು ಯತ್ನಿಸಿತು. ಒಂಬತ್ತನೆಯ ಕಲಮಿನಲ್ಲಿ ಒಡೆಯನ ಹೆಸರು, ಹನ್ನೊಂದರಲ್ಲಿ ಇತರ ಹಕ್ಕುಗಳು ಮತ್ತು ಋಣಗಳು, ಹನ್ನೆರಡರಲ್ಲಿ ಸಾಗುವಳಿಯ ಮತ್ತು ಬೆಳೆಯ ವಿವರ. ಈ ನಮೂದುಗಳಿಗೆ ಕಾಯಿದೆಯ ೧೩೩ನೆಯ ಪ್ರಕರಣ ವಿಶೇಷವಾದ ಬಲವನ್ನು ಕೊಟ್ಟಿತು. ವಿರುದ್ಧವಾದುದು ಸಿದ್ಧವಾಗುವವರೆಗೆ ಬರೆದುದೇ ಸತ್ಯವೆಂದು ಭಾವಿಸಬೇಕಾಗಿದ್ದಿತು.

ಒಂದು ಕಾಗದದ ಒಂದು ಕಲಮಿಗೆ ಎಷ್ಟು ಬೆಲೆಯಿರಬಹುದೆಂಬುದು ಹತ್ತು ವರ್ಷಗಳ ಅನಂತರ ಪ್ರಕಟವಾಯಿತು. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿಯು ೧೯೭೪ರ ಮಾರ್ಚ್ ೧ರಿಂದ ಜಾರಿಗೆ ಬಂದಿತು. ಗೇಣಿದಾರರು ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿ, ಭೂನ್ಯಾಯಮಂಡಲಿಯ ಮುಂದೆ ತಾವು ಉಳುತ್ತಿದ್ದುದನ್ನು ತೋರಿಸಿಕೊಡಬೇಕಾಯಿತು. ಸಾಕ್ಷಿಗಳ ಮಾತಿಗೂ ಅಲ್ಲಿ ಸ್ಥಾನವಿದ್ದಿತಾದರೂ, ಹನ್ನೆರಡನೆಯ ಕಲಮಿನಲ್ಲಿ ಹೆಸರಿದ್ದವನ ಹಾದಿ ಸುಗಮ, ಇಲ್ಲದವನ ಹಾದಿ ದುರ್ಗಮ. ಅಪ್ಪನ ಕಾಲದಿಂದ ಉತ್ತುಬಂದ ಮನುಷ್ಯನು ತನ್ನ ಹೆಸರು ಆ ಕಲಮಿನಲ್ಲಿ ಇದೆಯೋ ಇಲ್ಲವೋ ಎಂಬುದನ್ನು ವರ್ಷ ವರ್ಷವೂ ನೋಡಿಕೊಳ್ಳುವ ಸ್ಥಿತಿಯಲ್ಲಿದ್ದನೆ? ಪುಸ್ತಕ ಗ್ರಾಮಲೆಕ್ಕಿಗನ ವಶದಲ್ಲಿದ್ದಿತು. ಒಬ್ಬ ಲೆಕ್ಕಿಗನ ಕೆಳಗೆ ಹಲವು ಹಳ್ಳಿಗಳಿದ್ದುದರಿಂದ ಅವನನ್ನು ಕಾಣುವುದೇ ಒಂದು ಕೆಲಸ. ಕಂಡರೂ, ಕಲಮುಗಳ ತಲೆಬರಹಗಳಾದ ಖರಾಬು, ಆಕಾರ, ಹಿಸ್ಸೆ, ಖುಷ್ಕಿ, ತರಿ, ಬಾಗಾಯ್ತು ಎಂಬ ಮಾತುಗಳನ್ನು ದಾಟಿ ತನ್ನ ಹೆಸರನ್ನು ಹುಡುಕಬೇಕು. ನಮೂನೆಯಲ್ಲಿ ಗೇಣಿದಾರನಿಗೆ ಸ್ಥಳವನ್ನು ಕೊಟ್ಟುದು ನಿಜವಾಗಿಯೂ ದೊಡ್ಡ ಸುಧಾರಣೆ. ಶಾಸನಗಳ ಕಾಲದಲ್ಲಿ ಕಾಣದಿದ್ದವನು ಈಗ ದಾಖಲೆಯಲ್ಲಿ ಕಾಣುವಂತಾದನು. ಆದರೆ ದಾಖಲೆ ಅವನಿಗೆ ಕಾಣುತ್ತಿರಲಿಲ್ಲ.

೬

ಈ ಹಿನ್ನೆಲೆಯಲ್ಲಿ ‘ಭೂಮಿ’ ಯೋಜನೆಯನ್ನು ನೋಡಬೇಕು. ಕರ್ನಾಟಕದ ಕಂದಾಯ ಇಲಾಖೆಯು ರಾಷ್ಟ್ರೀಯ ಮಾಹಿತಿ ಕೇಂದ್ರದ ನೆರವಿನಿಂದ, ರಾಜೀವ್ ಚಾವ್ಲಾ ಎಂಬ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ, ರಾಜ್ಯದ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಇವು ಸುಮಾರು ೬೭ ಲಕ್ಷ ಭೂಮಾಲೀಕರಿಗೆ ಸಂಬಂಧಿಸಿದವು; ಇವನ್ನು ಅದುವರೆಗೆ ಕೈಬರಹದಲ್ಲಿ ನಿರ್ವಹಿಸುತ್ತಿದ್ದವರು ಸುಮಾರು ೯,೦೦೦ ಗ್ರಾಮಲೆಕ್ಕಿಗರು. ೨೦೦೧ ಮತ್ತು ೨೦೦೨ರ ಹೊತ್ತಿಗೆ ತಾಲೂಕು ಕಚೇರಿಗಳಲ್ಲಿ ಭೂಮಿ ಕೇಂದ್ರಗಳು ತೆರೆದವು. ಕೈಬರಹದ ಪಹಣಿಗೆ ಇನ್ನು ಮೇಲೆ ಮಾನ್ಯತೆಯಿಲ್ಲವೆಂದು ಸರ್ಕಾರವು ತಾಲೂಕು ತಾಲೂಕಾಗಿ ಘೋಷಿಸಿತು. ಹರಪನಹಳ್ಳಿ ಆಗ ದಾವಣಗೆರೆ ಜಿಲ್ಲೆಯಲ್ಲಿದ್ದಿತು. ಉಳಿದ ಸೀಮೆಯೆಲ್ಲ ಬಳ್ಳಾರಿಯಲ್ಲಿ.

ಈ ಯೋಜನೆಯ ಯಂತ್ರಭಾಗವನ್ನು ಕುರಿತು ಹೇಳುವವರು ಹಲವರಿದ್ದಾರೆ. ನಮ್ಮ ಗಮನ ಬಳಕೆಮುಖದ ಮೇಲೆ. ಅದರಲ್ಲಿ ನಾಲ್ಕು ವಿಷಯಗಳು ಮುಖ್ಯವೆಂದು ನಮಗೆ ತೋರುತ್ತದೆ. ಮೊದಲನೆಯದು, ಮುದ್ರಿತ ಪಹಣಿಯು ಹಳೆಯ ೧೬ನೆಯ ನಮೂನೆಯ ಕಲಮುಗಳ ಕ್ರಮವನ್ನೇ ಉಳಿಸಿಕೊಂಡಿತು. ಹೊಸ ಯಂತ್ರ ಬಂದಿತೆಂದು ರೈತನೂ ಬ್ಯಾಂಕಿನವನೂ ವಕೀಲನೂ ಹೊಸದಾಗಿ ಓದು ಕಲಿಯಬೇಕಾಗಲಿಲ್ಲ. ಎರಡನೆಯದು, ತೆರೆಯ ಮೇಲಿನ ಬರೆಹ ಕನ್ನಡದಲ್ಲಿದ್ದಿತು. ಮೂರನೆಯದು, ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಕ್ರಮದಲ್ಲಿಯೇ ಮುಂದುವರಿಯಬೇಕೆಂಬ ಕಟ್ಟು ಯಂತ್ರದಲ್ಲಿಯೇ ಇದ್ದಿತು. ದಾಖಲೆಯನ್ನು ಬದಲಿಸುವ ಅಧಿಕಾರಿಯು ತನ್ನ ಬೆರಳಿನ ಗುರುತನ್ನು ಕೊಟ್ಟ ಹೊರತು ಬದಲಾವಣೆ ನಡೆಯುವಂತಿರಲಿಲ್ಲ. ಬಳಪದಿಂದ ಅಳಿಸಿ ಬರೆಯುವ ಸೌಲಭ್ಯಕ್ಕೆ ಹಾಕಿದ ಕಡಿವಾಣವಿದು.

ನಾಲ್ಕನೆಯದೇ ನಮ್ಮ ದೃಷ್ಟಿಯಲ್ಲಿ ಅತ್ಯಂತ ಮಹತ್ತ್ವದ್ದು. ಕೇಂದ್ರದಲ್ಲಿ ಕುಳಿತ ನೌಕರನ ಎದುರಿಗೆ ಒಂದು ತೆರೆಯಿದ್ದರೆ, ಕಿಟಕಿಯ ಹೊರಗೆ ನಿಂತ ರೈತನ ಕಡೆಗೆ ತಿರುಗಿಸಿದ ಇನ್ನೊಂದು ತೆರೆಯಿದ್ದಿತು. ನೌಕರನು ನೋಡುತ್ತಿದ್ದುದೇ ರೈತನಿಗೂ ಕಾಣುತ್ತಿದ್ದಿತು. ಇದು ತಂತ್ರಜ್ಞಾನದಲ್ಲಿ ದೊಡ್ಡ ಆವಿಷ್ಕಾರವೇನೂ ಅಲ್ಲ. ಒಂದು ತಂತಿ, ಒಂದು ಹೆಚ್ಚಿನ ಪೆಟ್ಟಿಗೆ, ಅಷ್ಟೆ. ಆದರೆ ಕಡತ, ಅಡಂಗಲ್, ಲೆಕ್ಕಿಗನ ಪುಸ್ತಕ ಈ ಮೂರರಲ್ಲಿಯೂ ಇಲ್ಲದಿದ್ದ ಒಂದು ಗುಣ ಅದರಲ್ಲಿದ್ದಿತು. ಬರೆಯುವವನೂ ಒಡೆಯನೂ ಒಂದೇ ಪುಟವನ್ನು ಒಂದೇ ಕ್ಷಣದಲ್ಲಿ ನೋಡುವಂತೆ ದಾಖಲೆಯ ರೂಪವನ್ನು ಉದ್ದೇಶಪೂರ್ವಕವಾಗಿ ಏರ್ಪಡಿಸಿದುದು, ನಮಗೆ ತಿಳಿದಮಟ್ಟಿಗೆ, ಶಾಸನದ ಕಲ್ಲಿನ ಅನಂತರ ಇದೇ ಮೊದಲು. ಒಳಗೆ ನಡೆಯುವುದು ಹೊರಗಿನವನಿಗೆ ಕಾಣಬೇಕೆಂಬ ಸೂತ್ರವನ್ನು ವಿದ್ಯಾರ್ಥಿಗಳಿಗೆ ವಿವರಿಸಲು ಇದಕ್ಕಿಂತ ಸರಳವಾದ ಉದಾಹರಣೆ ದೊರೆಯಲಾರದು.

ಆರಂಭದ ವರ್ಷಗಳಲ್ಲಿ ಒಂದು ಪಹಣಿಗೆ ೧೫ ರೂಪಾಯಿ ಶುಲ್ಕ. ದರ ಎಲ್ಲರಿಗೂ ತಿಳಿದಿದ್ದುದರಿಂದ ಕೈಬಿಸಿಯ ಮಾತಿಗೆ ಅವಕಾಶ ತಗ್ಗಿತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ೨೦೦೨ರಲ್ಲಿ ನಡೆಸಿದ ಅಧ್ಯಯನದಲ್ಲಿ, ಹಿಂದಿನ ವ್ಯವಸ್ಥೆಗೆ ಹೋಲಿಸಿದರೆ ಭೂಮಿ ಕೇಂದ್ರಗಳಲ್ಲಿ ಲಂಚ ಕೊಟ್ಟೆವೆಂದು ಹೇಳಿದವರ ಪ್ರಮಾಣ ಬಹಳ ಕ್ಷೀಣವಾಗಿದ್ದಿತು.

೭

ಆದರೆ ಇತಿಹಾಸಕಾರನು ಇಲ್ಲಿಗೇ ನಿಲ್ಲುವಂತಿಲ್ಲ. ಮೊದಲನೆಯದಾಗಿ, ದಾಖಲೆ ಊರನ್ನು ಬಿಟ್ಟು ತಾಲೂಕು ಪೇಟೆಗೆ ಹೋಯಿತು. ಒಂದು ಕಾಗದಕ್ಕಾಗಿ ಒಂದು ದಿನದ ಕೂಲಿಯನ್ನೂ ಬಸ್ಸಿನ ಚಾರ್ಜನ್ನೂ ಕಳೆದುಕೊಳ್ಳುವುದು ಬಳಕೆಯ ಅನುಭವದ ಒಂದು ಭಾಗವೇ. ತೆರೆಯ ಮುಂದಿನ ಎರಡು ನಿಮಿಷವನ್ನು ಮಾತ್ರ ಅಳೆದು, ಅಲ್ಲಿಗೆ ಬರುವ ದಾರಿಯ ಎರಡು ಗಂಟೆಯನ್ನು ಬಿಟ್ಟರೆ ಆ ಲೆಕ್ಕ ಅಪೂರ್ಣ. ಹೋಬಳಿಯ ನಾಡಕಚೇರಿಗಳಲ್ಲಿ ಪಹಣಿ ದೊರೆಯುವಂತೆ ಮುಂದೆ ಏರ್ಪಾಡಾದುದು ಈ ಕೊರತೆಯನ್ನು ಒಪ್ಪಿಕೊಂಡಂತೆಯೇ ಸರಿ.

ಎರಡನೆಯದಾಗಿ, ಕಾಣುವಿಕೆಯ ಲಾಭ ಎಲ್ಲರಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ೨೦೦೭ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಬೆಂಗಳೂರಿನ ಸುತ್ತಣ ಪ್ರದೇಶವನ್ನು ಕುರಿತು, ದಾಖಲೆಗಳು ಒಂದೆಡೆ ಕೂಡಿಬಂದುದರಿಂದ ಹೆಚ್ಚಿನ ಪ್ರಯೋಜನವನ್ನು ಪಡೆದವರು ದೊಡ್ಡ ಭೂವ್ಯವಹಾರದವರು ಎಂದು ವಾದಿಸಿದರು. ರೈತನಿಗೆ ತನ್ನ ಹೊಲ ಕಾಣುವ ಕಿಟಕಿಯಿಂದಲೇ ಪರರಿಗೆ ಊರಿನ ಹೊಲಗಳೆಲ್ಲ ಕಾಣುತ್ತವೆಂಬುದನ್ನು ನಾವು ಮರೆಯಬಾರದು.

ಮೂರನೆಯದು ನಮ್ಮ ಐದು ತಾಲೂಕುಗಳಿಗೆ ವಿಶೇಷವಾಗಿ ಸಲ್ಲುವ ಮಾತು. ಪಹಣಿ ಅಂತರಜಾಲಕ್ಕೆ ಬಂದ ಮೇಲೆ ಅದನ್ನು ನೋಡಬಯಸುವವನು ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಂಬ ಕ್ರಮದಲ್ಲಿ ಒಂದೊಂದನ್ನೇ ಆರಿಸುತ್ತ ಹೋಗಬೇಕು. ಮೊದಲ ಪ್ರಶ್ನೆ ಜಿಲ್ಲೆ ಯಾವುದೆಂದು. ಹರಪನಹಳ್ಳಿ ತಾಲೂಕು ೧೯೯೭ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು, ಅನಂತರ ದಾವಣಗೆರೆಗೆ ಸೇರಿ, ೨೦೧೮ರಲ್ಲಿ ಬಳ್ಳಾರಿಗೆ ಮರಳಿ, ೨೦೨೧ರಲ್ಲಿ ವಿಜಯನಗರಕ್ಕೆ ಸೇರಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲೂಕಾಯಿತು. ಹೊಲ ಇದ್ದಲ್ಲಿಯೇ ಇದೆ. ಬದುವಿನ ಮೇಲಿನ ಬೇವಿನ ಮರವೂ ಅಲ್ಲಿಯೇ ಇದೆ. ಆದರೆ ಮೊದಲ ಪ್ರಶ್ನೆಗೆ ಉತ್ತರ ಇಪ್ಪತ್ತೈದು ವರ್ಷಗಳೊಳಗೆ ಮೂರು ಸಲ ಬದಲಾಯಿತು. ಆಡಳಿತದ ಕ್ರಮವನ್ನೇ ಬಳಕೆಯ ಕ್ರಮವನ್ನಾಗಿ ಮಾಡಿದರೆ ಆಡಳಿತದ ಪ್ರತಿಯೊಂದು ಪಲ್ಲಟವನ್ನೂ ರೈತನು ಕಂಠಪಾಠ ಮಾಡಬೇಕಾಗುತ್ತದೆ.

ಇವನ್ನೆಲ್ಲ ದಾಟಿದವನಿಗೆ ‘ಸರ್‌ನಾಕ್’ ಎಂಬ ಇನ್ನೊಂದು ಖಾನೆ ಎದುರಾಗುತ್ತದೆ. ಸರ್ವೆ ನಂಬರಿಗೆ ಸೇರಿದ ಉಪಗುರುತನ್ನು ಕೇಳುವ ಖಾನೆಯದು. ಅನೇಕ ಹೊಲಗಳಿಗೆ ಅಲ್ಲಿ ನಕ್ಷತ್ರದ ಚಿಹ್ನೆಯೊಂದನ್ನು ಆರಿಸಬೇಕು. ಈ ಶಬ್ದ ರೈತನದೂ ಅಲ್ಲ, ಹಳೆಯ ಕರಣಿಕನದೂ ಅಲ್ಲ. ಕನ್ನಡದ ಯಾವ ನಿಘಂಟಿನಲ್ಲಿಯೂ ಅದನ್ನು ಹುಡುಕಿ ಪ್ರಯೋಜನವಿಲ್ಲ. ಪದವೀಧರರಾದವರೂ ಇಲ್ಲಿ ತಡವರಿಸುವುದನ್ನು ನಾವು ಕಂಡಿದ್ದೇವೆ. ಹೀಗೆ ತಡವರಿಸಿದವನು ಪೇಟೆಯ ಜೆರಾಕ್ಸ್ ಅಂಗಡಿಗೆ ಹೋಗಿ, ಅಲ್ಲಿನ ಹುಡುಗನ ಕೈಯಲ್ಲಿ ಪಹಣಿಯನ್ನು ತೆಗೆಸಿಕೊಳ್ಳುತ್ತಾನೆ. ಕರಣಿಕನ ಜಗಲಿಯ ಸ್ಥಾನಕ್ಕೆ ಜೆರಾಕ್ಸ್ ಅಂಗಡಿಯ ಕಟ್ಟೆ ಬಂದಿತೆಂದು ಹೇಳಲಡ್ಡಿಯಿಲ್ಲ. ಬಳಕೆಮುಖ ಎಲ್ಲಿ ದುರ್ಗಮವಾಗುತ್ತದೆಯೋ ಅಲ್ಲಿ ಮಧ್ಯವರ್ತಿಯೊಬ್ಬನು ಹುಟ್ಟಿಕೊಳ್ಳುತ್ತಾನೆ.

೮

ಇದುವರೆಗಿನ ವಿವೇಚನೆಯಿಂದ ನಾವು ಕಾಣಬಹುದಾದುದಿಷ್ಟು. ಬಳಕೆಮುಖದ ವಿನ್ಯಾಸವೆಂಬುದು ಹೆಸರಿನಲ್ಲಿ ಹೊಸದು, ಸಮಸ್ಯೆಯಾಗಿ ಹಳೆಯದು. ಕಲ್ಲು, ಕಡತ, ಅಚ್ಚಿನ ನಮೂನೆ, ಗಣಕಯಂತ್ರದ ತೆರೆ ಎಂಬ ನಾಲ್ಕು ರೂಪಗಳಲ್ಲಿ ಒಂದೊಂದೂ ಯಾರೋ ಒಬ್ಬನನ್ನು ಮುಖ್ಯ ಬಳಕೆದಾರನೆಂದು ಭಾವಿಸಿಕೊಂಡಿತು. ಉಳಿದವರು ಅವನ ಮೂಲಕವೇ ದಾಖಲೆಯನ್ನು ತಲುಪಬೇಕಾಯಿತು. ರೂಪದ ಆಯ್ಕೆಯಲ್ಲಿ ಅಧಿಕಾರದ ಹಂಚಿಕೆಯೂ ಅಡಕವಾಗಿರುತ್ತದೆ. ಯಂತ್ರ ಬದಲಾದ ಮಾತ್ರಕ್ಕೆ ಈ ಹಂಚಿಕೆ ತಾನಾಗಿಯೇ ಬದಲಾಗುವುದಿಲ್ಲ. ರೈತನ ಕಡೆಗೆ ತಿರುಗಿಸಿದ ಎರಡನೆಯ ತೆರೆಯಂತೆ, ಯಾರೋ ಒಬ್ಬರು ಅವನು ಎಲ್ಲಿ ನಿಂತಿರುತ್ತಾನೆಂಬುದನ್ನು ಮೊದಲೇ ಯೋಚಿಸಿದ್ದರೆ ಮಾತ್ರ ಬದಲಾಗುತ್ತದೆ.

ಕೊನೆಯದಾಗಿ ಅಧ್ಯಾಪಕ ಮಿತ್ರರಲ್ಲಿ ಒಂದು ವಿಜ್ಞಾಪನೆ. ಈ ಐದು ತಾಲೂಕುಗಳ ಹಳೆಯ ಮನೆಗಳಲ್ಲಿ ಪಟ್ಟಾಗಳೂ ಅಡಂಗಲ್ ಪ್ರತಿಗಳೂ ಕೈಬರಹದ ಪಹಣಿಗಳೂ, ಅದೃಷ್ಟವಿದ್ದರೆ ಕಡತಗಳೂ, ಅಟ್ಟದ ಮೇಲೆ ದೊರೆಯಬಹುದು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಬಹುಮಂದಿ ರೈತರ ಮಕ್ಕಳು. ಅವರು ತಮ್ಮ ತಮ್ಮ ಮನೆಯ ಒಂದು ಹೊಲವನ್ನು ಆರಿಸಿಕೊಂಡು, ಅಜ್ಜನು ಅದನ್ನು ಏನೆಂದು ಕರೆಯುತ್ತಿದ್ದನು, ಪಟ್ಟಾದಲ್ಲಿ ಅದು ಹೇಗೆ ಬಂದಿದೆ, ಇಂದಿನ ಪಹಣಿಯಲ್ಲಿ ಯಾವ ನಂಬರಾಗಿದೆ ಎಂಬುದನ್ನು ಒಂದು ಹಾಳೆಯ ಮೇಲೆ ಬರೆದು ತರಲಿ. ಹೊಲದ ಹೆಸರು ಬಲ್ಲ ಹಿರಿಯರು ವರ್ಷ ವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಹೆಸರು ಮರೆತುಹೋದ ಮೇಲೆ ನಂಬರಿನಿಂದ ಹೊಲಕ್ಕೆ ಹಿಂದಿರುಗುವ ದಾರಿಯನ್ನು ತೋರಿಸುವವರು ಯಾರೂ ಉಳಿಯರು. ಈ ಹಾಳೆಗಳು ಇತಿಹಾಸದ ಸಾಮಗ್ರಿಯಾಗುವುದಲ್ಲದೆ, ಮುಂದೆ ಇಂಥ ತೆರೆಗಳನ್ನು ರೂಪಿಸುವವರಿಗೂ ದಾರಿಯನ್ನು ತೋರಿಸಬಲ್ಲವು.